ಕ್ರೈಸ್ತ ಶಾಲೆಗೆ ಹೊಸ ಕಟ್ಟಡ: ಒಂದೊಂದು ಕೋಣೆಯಾಗಿ ನೆರವು ಕೂಡಿಸುವ ದಾರಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಚರ್ಚಿನ ಪಡಸಾಲೆಯಲ್ಲೋ ತಗಡಿನ ಶೆಡ್ಡಿನಲ್ಲೋ ಶುರುವಾದ ಶಾಲೆಗಳು ಬಹಳ. ಮಕ್ಕಳು ಹೆಚ್ಚಾಗುತ್ತಾರೆ, ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರುತ್ತವೆ, ಮಾರ್ಚ್ ಬಂತೆಂದರೆ ತಗಡು ಕಾದು ಮಧ್ಯಾಹ್ನದ ಪಾಠ ಬೇವಿನ ಮರದ ಕೆಳಗೆ ನಡೆಯುತ್ತದೆ. ಆಗ ಕಮಿಟಿಯಲ್ಲಿ ಮಾತು ಏಳುತ್ತದೆ: ಹೊಸ ಬಿಲ್ಡಿಂಗ್ ಕಟ್ಟಲೇಬೇಕು. ಮುಂದಿನ ಭಾನುವಾರ ಚರ್ಚಿನ ಸಭೆಯಲ್ಲಿ ಒಂದು ಪ್ರಕಟಣೆ, ಗೇಟಿಗೆ ಒಂದು ಬ್ಯಾನರ್, ಬಾಗಿಲಲ್ಲಿ ಒಂದು ಕಾಣಿಕೆ ಡಬ್ಬಿ. ಬುನಾದಿ ಏಳುತ್ತದೆ, ಪಿಲ್ಲರ್ ನಿಲ್ಲುತ್ತವೆ, ಅಲ್ಲಿಗೆ ದುಡ್ಡು ಮುಗಿಯುತ್ತದೆ. ತುಕ್ಕು ಹಿಡಿದ ಆ ಕಬ್ಬಿಣವನ್ನು ವರ್ಷಗಟ್ಟಲೆ ನೋಡಿದ ಊರಿನವರು ಎರಡನೇ ಸಲ ಕೈ ಬಿಚ್ಚುವುದಿಲ್ಲ.

ಹೀಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಇಡೀ ಕಟ್ಟಡಕ್ಕೆ ಕೇಳಬೇಡಿ. ಒಂದು ಕೋಣೆಗೆ ಕೇಳಿ, ಅದನ್ನು ಮುಗಿಸಿ ಮಕ್ಕಳನ್ನು ಕೂರಿಸಿ, ಲೆಕ್ಕ ತೋರಿಸಿ, ಆಮೇಲೆ ಮುಂದಿನ ಕೋಣೆಗೆ ಕೇಳಿ. ನಮ್ಮ ಸಭೆಗಳಲ್ಲಿ ಕೂಲಿ ಮಾಡಿ ಬದುಕುವವರೇ ಹೆಚ್ಚು. ಅವರು ಕೊಟ್ಟ ನೂರು ರೂಪಾಯಿ ಗೋಡೆಯಾಗಿ ಕಣ್ಣಿಗೆ ಕಾಣಬೇಕು.

ಮೊದಲು ಜಾಗದ ಕಾಗದ

ದುಡ್ಡಿನ ಮಾತು ಎತ್ತುವ ಮೊದಲು ಜಾಗ ಯಾರ ಹೆಸರಿನಲ್ಲಿದೆ ಎಂದು ನೋಡಿ. ಹಳೆಯ ಮಿಷನ್ ಕಾಂಪೌಂಡಿನಲ್ಲಿ ನಡೆಯುವ ಶಾಲೆಗಳಿಗೆ ಇದು ದೊಡ್ಡ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅಲ್ಲಿಂದೀಚೆಗೆ ಬೇರೆ ಬೇರೆ ಮಿಷನ್ನುಗಳು ಈ ಭಾಗದಲ್ಲಿ ಪಡೆದ ಜಾಗಗಳು ಇಂದು ಸಾಮಾನ್ಯವಾಗಿ ಸ್ಥಳೀಯ ಸಭೆಯ ಹೆಸರಿನಲ್ಲಿ ಇರುವುದಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಆಸ್ತಿಯಾದರೆ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ಕಥೋಲಿಕ ಶಾಲೆಯಾದರೆ ಧರ್ಮಪ್ರಾಂತ್ಯದ ಹೆಸರಿನಲ್ಲೋ, ಶಾಲೆ ನಡೆಸುವ ಸಿಸ್ಟರುಗಳ ಸಂಸ್ಥೆಯ ಹೆಸರಿನಲ್ಲೋ ಇರುತ್ತದೆ. ಊರಿನ ಕಮಿಟಿ ಠರಾವು ಪಾಸು ಮಾಡಿದ ಮಾತ್ರಕ್ಕೆ ಅಲ್ಲಿ ಕಟ್ಟಲು ಬರುವುದಿಲ್ಲ. ಮೇಲಿನಿಂದ ಲಿಖಿತ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಆ ಪತ್ರ ಕೈಗೆ ಬಂದ ಮೇಲೆಯೇ ಕಾಣಿಕೆಯ ಪ್ರಕಟಣೆ ಮಾಡಿ.

ಸ್ವಂತ ಜಾಗ ಕೊಂಡಿದ್ದರೆ ಪಹಣಿ ಅಥವಾ ಇ-ಖಾತಾ, ಋಣಭಾರ ಪತ್ರ, ಕೃಷಿ ಭೂಮಿಯಾಗಿದ್ದರೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಮಂಜೂರಾದ ನಕ್ಷೆ ಇವನ್ನೆಲ್ಲ ಒಂದೇ ಫೈಲಿನಲ್ಲಿ ಹೊಂದಿಸಿಡಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಇ-ಸ್ವತ್ತು ಸೇರಿಸಿ. ಮುಂದೆ ಕಂಪನಿಯವರ ಹತ್ತಿರ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ ಮಕ್ಕಳ ಬಗ್ಗೆ ಇರುವುದಿಲ್ಲ, ಈ ಫೈಲಿನ ಬಗ್ಗೆ ಇರುತ್ತದೆ.

ಅಗ್ನಿ ಸುರಕ್ಷತೆಯನ್ನು ನಕ್ಷೆಯ ಹಂತದಲ್ಲೇ ಸೇರಿಸಿ. 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳೂ ಸುರಕ್ಷತಾ ನಿಯಮ ಪಾಲಿಸಬೇಕೆಂದು ತೀರ್ಪು ಕೊಟ್ಟಿತು. ಎರಡನೇ ಮೆಟ್ಟಿಲು, ಅಗಲವಾದ ಬಾಗಿಲು, ಹೊರಗೆ ತೆರೆಯುವ ಕದ ಇವನ್ನು ಖರ್ಚು ಉಳಿಸಲು ಕೈಬಿಡಬೇಡಿ. "ಇಷ್ಟೊಂದು ಯಾಕ್ರೀ, ಶೆಡ್ ಹಾಕಿದ್ರ ಆಗೋದಿಲ್ಲೇನು?" ಎಂದು ಕೇಳುವ ದಾನಿಗೂ ಇದೇ ಉತ್ತರ ಕೊಡಬಹುದು.

ಮಣ್ಣು ನೋಡಿ, ಆಮೇಲೆ ಎಸ್ಟಿಮೇಟು

ನಮ್ಮ ಮೂರೂ ಜಿಲ್ಲೆಗಳಲ್ಲಿ ಎರೆ ನೆಲ, ಅಂದರೆ ಕಪ್ಪು ಮಣ್ಣು ಬಹಳ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಸಾಕಾಗುವ ಬುನಾದಿಯನ್ನೇ ಎರೆಯಲ್ಲಿ ಹಾಕಿದರೆ ಎರಡು ವರ್ಷದೊಳಗೆ ಕಿಟಕಿಯ ಮೂಲೆಯಿಂದ ಬಿರುಕು ಏಳುತ್ತದೆ. ಎರೆ ತೆಗೆದು ಮೊರಂ ತುಂಬಿ ರೋಲರ್ ಹೊಡೆಸಬೇಕೋ, ಅಂಡರ್ ರೀಮ್ಡ್ ಪೈಲ್ (ತಳದಲ್ಲಿ ಅಗಲವಾಗುವ, ಆಳದ ಕಾಂಕ್ರೀಟ್ ಕಂಬ) ಹಾಕಬೇಕೋ ಎಂಬುದನ್ನು ಮಣ್ಣಿನ ಪರೀಕ್ಷೆ ನೋಡಿದ ಎಂಜಿನಿಯರೇ ಹೇಳಬೇಕು. ಮೇಸ್ತ್ರಿಯ ಅಂದಾಜಿನ ಮೇಲೆ ನಿಧಿ ಕೂಡಿಸಲು ಹೊರಟವರು ಬುನಾದಿಯಲ್ಲೇ ಅರ್ಧ ದುಡ್ಡು ಕಳೆದುಕೊಳ್ಳುತ್ತಾರೆ. ಮಣ್ಣಿನ ಪರೀಕ್ಷೆ ಮತ್ತು ನಕ್ಷೆಯ ಖರ್ಚನ್ನು ಹೊರಗಿನವರನ್ನು ಕೇಳಬೇಡಿ, ಕಮಿಟಿಯವರೇ ಕೈಯಿಂದ ಹಾಕಿ.

ಎಂಜಿನಿಯರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಕಟ್ಟಡ ಹಂತ ಹಂತವಾಗಿ ಏಳುತ್ತದೆ, ಪ್ರತಿ ಹಂತ ಮುಗಿದಾಗಲೂ ಅದು ತಾನಾಗಿ ಪಾಠಕ್ಕೆ ಯೋಗ್ಯವಾಗಿರಬೇಕು. ಹಾಗೆ ಹೇಳಿದರೆ ಅವರು ಎರಡೆರಡು ಕೋಣೆಯ ಬ್ಲಾಕುಗಳಾಗಿ ನಕ್ಷೆ ಹಾಕುತ್ತಾರೆ, ಬ್ಲಾಕುಗಳ ನಡುವೆ ಜಾಯಿಂಟ್ ಬಿಡುತ್ತಾರೆ. ಮುಂದೆ ಮಹಡಿ ಏಳಿಸುವುದಿದ್ದರೆ ಬುನಾದಿಯನ್ನು ಈಗಲೇ ಆ ಭಾರಕ್ಕೆ ಹಾಕಬೇಕು. ಮೇಲೆ ಬಿಟ್ಟ ಕಬ್ಬಿಣದ ತುದಿಗಳಿಗೆ ಸಿಮೆಂಟ್ ಹಾಲು ಬಳಿದು ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಬೇಕು.

ಎಸ್ಟಿಮೇಟಿನಲ್ಲಿ ಜನ ಮರೆಯುವ ಬಾಬುಗಳಿವೆ. ಗುತ್ತಿಗೆಯ ಮೇಲೆ ಶೇ 18 ಜಿಎಸ್‌ಟಿ, ಕಟ್ಟಡ ಕಾರ್ಮಿಕರ ಸೆಸ್ ಶೇ 1, ಕರೆಂಟಿನ ಸಂಪರ್ಕ, ಬೋರು, ಹುಡುಗಿಯರ ಶೌಚಾಲಯ, ಇಳಿಜಾರು ದಾರಿ. ಕೊನೆಯ ಎರಡನ್ನು ನಾನು ಯಾವಾಗಲೂ ಮೊದಲ ಹಂತಕ್ಕೇ ಸೇರಿಸಿ ಎನ್ನುತ್ತೇನೆ. ಆರನೇ ತರಗತಿ ದಾಟಿದ ಹುಡುಗಿಯರು ಶಾಲೆ ಬಿಡುವುದಕ್ಕೆ ಶೌಚಾಲಯ ಇಲ್ಲದಿರುವುದೂ ಒಂದು ಕಾರಣ, ಅದಕ್ಕಾಗಿ ಎರಡನೇ ಹಂತದವರೆಗೆ ಕಾಯಬಾರದು.

ಒಂದು ಕೋಣೆಯ ಲೆಕ್ಕ

ಲೆಕ್ಕ ಹಿಡಿಯುವ ರೀತಿ ತಿಳಿಯಲೆಂದು ಒಂದು ಉದಾಹರಣೆ ಕೊಡುತ್ತೇನೆ. ದರಗಳನ್ನು ನಿಮ್ಮ ಎಂಜಿನಿಯರ್ ಹೇಳಿದಂತೆ ಬದಲಿಸಿಕೊಳ್ಳಿ. 500 ಚದರ ಅಡಿಯ ಕೋಣೆ, ಅದರ ಪಾಲಿನ ಪಡಸಾಲೆ 150 ಅಡಿ, ಒಟ್ಟು 650. ಅಡಿಗೆ ₹2,000 ಹಿಡಿದರೆ ₹13 ಲಕ್ಷ. ಬೆಂಚುಗಳಿಗೆ ₹1 ಲಕ್ಷ, ವೈರಿಂಗ್, ಫ್ಯಾನು, ಬೋರ್ಡಿಗೆ ₹60 ಸಾವಿರ. ಇಷ್ಟಕ್ಕೂ ಶೇ 10 ಮೇಲ್ಖರ್ಚು ಸೇರಿಸಿದರೆ ಹತ್ತಿರ ಹತ್ತಿರ ₹16 ಲಕ್ಷ. ಸಿಮೆಂಟಿನ ದರ ಏರಿಳಿಯುತ್ತದೆ, ಕಬ್ಬಿಣದ ದರ ಇನ್ನೂ ಹೆಚ್ಚು ಏರಿಳಿಯುತ್ತದೆ, ಆದ್ದರಿಂದ ಆ ಶೇ 10ನ್ನು ಯಾರು ಎಷ್ಟು ಹೇಳಿದರೂ ತೆಗೆಯಬೇಡಿ.

ಈಗ ಈ ಹದಿನಾರು ಲಕ್ಷವನ್ನು ಜನರಾಗಿ ಒಡೆಯಿರಿ. ₹3 ಲಕ್ಷ ಕೊಡಬಲ್ಲ ಒಬ್ಬರು. ₹1 ಲಕ್ಷ ಕೊಡಬಲ್ಲ ನಾಲ್ವರು. ₹25 ಸಾವಿರ ಕೊಡುವ ಹತ್ತು ಜನ, ₹10 ಸಾವಿರ ಕೊಡುವ ಮೂವತ್ತು ಜನ, ₹2 ಸಾವಿರ ಕೊಡುವ ನೂರು ಜನ. ಉಳಿದ ಒಂದೂವರೆ ಲಕ್ಷ ಸುಗ್ಗಿ ಹಬ್ಬದ ಸವಾಲಿನಿಂದ (ಹರಾಜಿನಿಂದ), ಮನೆ ಡಬ್ಬಿಗಳಿಂದ, ಚಿಕ್ಕ ಕಾಣಿಕೆಗಳಿಂದ. ಹೀಗೆ ಬರೆದಾಗ ಕಮಿಟಿಯವರ ಮುಖದ ಭಯ ಕಡಿಮೆಯಾಗುತ್ತದೆ. ಹದಿನಾರು ಲಕ್ಷ ಯಾರಿಗೂ ಕೈಗೆಟುಕುವ ಮೊತ್ತವಲ್ಲ, ಆದರೆ ಹತ್ತು ಸಾವಿರ ಕೊಡುವ ಮೂವತ್ತು ಜನರ ಹೆಸರು ಎಲ್ಲರಿಗೂ ಹೊಳೆಯುತ್ತದೆ.

ಒಬ್ಬರು ಕೊಡಬೇಕೆಂದರೆ ಮೂವರನ್ನಾದರೂ ಕೇಳಬೇಕಾಗುತ್ತದೆ. ಆದ್ದರಿಂದ ಪ್ರತಿ ಸಾಲಿನ ಮುಂದೆ ಬೇಕಾದ್ದರ ಮೂರು ಪಟ್ಟು ಹೆಸರು ಬರೆಯಿರಿ, ಪ್ರತಿ ಹೆಸರಿನ ಮುಂದೆ ಹೋಗಿ ಕೇಳುವವರ ಹೆಸರು ಬರೆಯಿರಿ. ಕೇಳುವವರ ಹೆಸರಿಲ್ಲದ ಪಟ್ಟಿ ರಿಜಿಸ್ಟರಿನಲ್ಲೇ ಉಳಿಯುತ್ತದೆ. ಮತ್ತೆ, ಕಮಿಟಿಯ ಪ್ರತಿಯೊಬ್ಬರೂ ಮೊದಲು ತಮ್ಮ ಮೊತ್ತ ಬರೆದು ಕಟ್ಟಬೇಕು. "ನೀವೆಷ್ಟು ಹಾಕೀರಿ?" ಎಂಬ ಪ್ರಶ್ನೆ ನಮ್ಮ ಕಡೆ ಯಾರೂ ಬಿಡುವುದಿಲ್ಲ.

ಖಾತೆ, ರಸೀದಿ, ತೆರಿಗೆ

ಕಟ್ಟಡ ನಿಧಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಅದು ಟ್ರಸ್ಟ್ ಅಥವಾ ಸೊಸೈಟಿಯ ಹೆಸರಿನಲ್ಲೇ ಇರಲಿ, ಇಬ್ಬರ ಸಹಿಯಲ್ಲಿ ನಡೆಯಲಿ. ಪಾಸ್ಟರ ಫೋನ್‌ಪೇ ನಂಬರ್, ಸೆಕ್ರೆಟರಿಯ ಗೂಗಲ್ ಪೇ ನಂಬರ್ ಕೊಡುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಬಿಡಿ. ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ನಾಳೆ ಆತನಿಗೆ ವರ್ಗವಾಗುತ್ತದೆ, ಇಲ್ಲವೇ ಮನೆಯವರ ಖರ್ಚೂ ಅದೇ ಖಾತೆಯಿಂದ ಹೋಗುತ್ತದೆ, ಲೆಕ್ಕ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಸಂಸ್ಥೆಯ ಖಾತೆಗೇ ಕ್ಯೂಆರ್ ಮಾಡಿಕೊಡಿ ಎಂದು ಬ್ಯಾಂಕಿನಲ್ಲಿ ಕೇಳಿದರೆ ಕೊಡುತ್ತಾರೆ. ಅಪೊಸ್ತಲ ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ, ಯಾರೂ ತಪ್ಪು ಹೊರಿಸಬಾರದೆಂದು.

ಶಾಲೆಯ ಟ್ರಸ್ಟ್ ಚರ್ಚಿನ ಟ್ರಸ್ಟಿನಿಂದ ಬೇರೆಯಾಗಿದ್ದರೆ ಒಳ್ಳೆಯದು, ಇದಕ್ಕೆ ತೆರಿಗೆಯ ಕಾರಣವೂ ಇದೆ. ದಾನಿಗೆ 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆಯ ರಿಯಾಯಿತಿ ಸಿಗಬೇಕಾದರೆ ಸಂಸ್ಥೆ ಒಂದೇ ಧರ್ಮದವರ ಪ್ರಯೋಜನಕ್ಕೆಂದು ಸ್ಥಾಪನೆಯಾಗಿರಬಾರದು, ಧಾರ್ಮಿಕ ಕೆಲಸಕ್ಕೆ ಆದಾಯದ ಶೇ 5ಕ್ಕಿಂತ ಹೆಚ್ಚು ಖರ್ಚು ಮಾಡಿರಬಾರದು. ನಮ್ಮ ಶಾಲೆಗಳಿಗೆ ಎಲ್ಲ ಜಾತಿ ಧರ್ಮದ ಮಕ್ಕಳೂ ಬರುತ್ತಾರೆ, ಟ್ರಸ್ಟಿನ ಕಾಗದವೂ ಹಾಗೆಯೇ ಹೇಳಬೇಕು. 80ಜಿ ಇದ್ದರೆ ದಾನಿ ಕೊಟ್ಟ ಮೊತ್ತದ ಅರ್ಧದಷ್ಟನ್ನು, ಮಿತಿಗೆ ಒಳಪಟ್ಟು, ತನ್ನ ಆದಾಯದಲ್ಲಿ ಕಳೆದುಕೊಳ್ಳಬಹುದು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೆ ರಿಯಾಯಿತಿ ಇಲ್ಲ. ಸಿಮೆಂಟ್ ಚೀಲ, ಟಿಪ್ಪರ್ ಮೊರಂ ಕೊಟ್ಟರೂ ಇಲ್ಲ, ದುಡ್ಡಿಗೆ ಮಾತ್ರ. ಇದನ್ನು ಕೇಳುವಾಗಲೇ ಹೇಳಿಬಿಡಿ, ಕೊಟ್ಟ ಮೇಲೆ ಗೊತ್ತಾದರೆ ಮನಸ್ಸು ಕೆಡುತ್ತದೆ.

ರಸೀದಿಯಲ್ಲಿ ದಾನಿಯ ಹೆಸರು, ವಿಳಾಸ, ಪ್ಯಾನ್, ಮೊತ್ತ, ಕೊಟ್ಟ ಬಗೆ, "ಕಟ್ಟಡ ನಿಧಿಗೆ" ಎಂಬ ಮಾತು ಇಷ್ಟೂ ಇರಲಿ. ವರ್ಷ ಮುಗಿದ ಮೇಲೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ, ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಕೊಡಬೇಕು. ಈ ಫಾರಂಗಳನ್ನು ಆಡಿಟರುಗಳು 10ಬಿಡಿ, 10ಬಿಇ ಎಂದೇ ಕರೆಯುತ್ತ ಬಂದಿದ್ದಾರೆ, ಗಡುವು ಮೇ 31. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಕಲಮುಗಳ ನಂಬರು ಬದಲಾಗುವುದರಿಂದ ರಸೀದಿ ಅಚ್ಚು ಹಾಕಿಸುವ ಮೊದಲು ಆಡಿಟರಿಗೆ ಒಮ್ಮೆ ತೋರಿಸಿ.

ಕಾಣಿಕೆ ಡಬ್ಬಿಯ ಬಗ್ಗೆ ಒಂದು ಎಚ್ಚರಿಕೆ. ಕೊಟ್ಟವರ ಹೆಸರು, ವಿಳಾಸ ಇಲ್ಲದ ದಾನ ವರ್ಷಕ್ಕೆ ₹1 ಲಕ್ಷ ಅಥವಾ ಒಟ್ಟು ದಾನದ ಶೇ 5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ಮೇಲಿನ ಮೊತ್ತಕ್ಕೆ ಶೇ 30 ತೆರಿಗೆ ಬೀಳುತ್ತದೆ. ಡಬ್ಬಿ ಇಡಿ, ಆದರೆ ಪಕ್ಕದಲ್ಲಿ ಲಕೋಟೆಗಳನ್ನೂ ಇಡಿ. ಲಕೋಟೆಯ ಮೇಲೆ ಹೆಸರು, ಊರು ಬರೆಯುವ ಅಭ್ಯಾಸ ಮಾಡಿಸಿ.

ಇನ್ನೊಂದು ವಿಷಯ ಟ್ರಸ್ಟಿಗಳೇ ಮರೆಯುತ್ತಾರೆ. ಆ ವರ್ಷದ ಆದಾಯದ ಶೇ 85ನ್ನು ಅದೇ ವರ್ಷ ಉದ್ದೇಶಕ್ಕೆ ಖರ್ಚು ಮಾಡಬೇಕೆಂಬುದು ನಿಯಮ. ಎರಡು ಮೂರು ವರ್ಷ ಕೂಡಿಟ್ಟು ಕಟ್ಟುವುದಿದ್ದರೆ ಇಂಥ ಕಟ್ಟಡಕ್ಕೆಂದು ಕೂಡಿಡುತ್ತಿದ್ದೇವೆ ಎಂದು ಇಲಾಖೆಗೆ ಮೊದಲೇ ತಿಳಿಸಬೇಕು, ಆಗ ಐದು ವರ್ಷದವರೆಗೆ ಇಟ್ಟುಕೊಳ್ಳಬಹುದು. ಆಡಿಟರಿಗೆ ಕೊಡುವ ಫೀಸಿನಲ್ಲಿ ಜಿಪುಣತನ ಬೇಡ.

ಯಾರನ್ನು, ಯಾವಾಗ ಕೇಳಬೇಕು

ಮೊದಲು ಸಭೆ, ಆಮೇಲೆ ಪೋಷಕರು, ಆಮೇಲೆ ಹಳೆಯ ವಿದ್ಯಾರ್ಥಿಗಳು, ಆಮೇಲೆ ಊರಿನ ವ್ಯಾಪಾರಸ್ಥರು, ಕೊನೆಗೆ ಕಂಪನಿಗಳು. ಈ ಕ್ರಮ ತಿರುವು ಮುರುವು ಮಾಡಬೇಡಿ. ಹೊರಗಿನವರು ಕೇಳುವುದೇ ನಿಮ್ಮವರು ಎಷ್ಟು ಕೊಟ್ಟರು ಎಂದು.

ಸಭೆಯಲ್ಲಿ ಕೇಳುವುದಕ್ಕೆ ಕಾಲ ನೋಡಿ. ತುಂಗಭದ್ರಾ ಕಾಲುವೆಯ ಕೆಳಗೆ, ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ, ನೆಲ್ಲಿನ ದುಡ್ಡು ಕೈಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ, ಎರಡನೇ ಬೆಳೆಗೆ ನೀರು ಬಂದರೆ ಏಪ್ರಿಲ್, ಮೇ ತಿಂಗಳಲ್ಲಿ. ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲವೂ ಚಳಿಗಾಲವೇ. ಜೂನಿನಲ್ಲಿ ಬೀಜ, ಗೊಬ್ಬರ, ಮಕ್ಕಳ ಪುಸ್ತಕ ಎಲ್ಲ ಒಟ್ಟಿಗೆ ಬರುತ್ತವೆ. ಆಗ ಕೇಳಿದರೆ ಕೊಡಲಾರದವರಿಗೆ ನೋವು ಮಾತ್ರ. ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದ ಕುಟುಂಬಗಳು ಕ್ರಿಸ್ಮಸ್ಸಿಗೆ ಊರಿಗೆ ಬರುತ್ತವೆ, ಅವರ ಮನೆಗೆ ಆ ವಾರವೇ ಹೋಗಿ.

ಸುಗ್ಗಿ ಹಬ್ಬದ ಸವಾಲು ನಮ್ಮ ಸಭೆಗಳ ದೊಡ್ಡ ಶಕ್ತಿ. ಒಂದು ಕುಂಬಳಕಾಯಿ, ಒಂದು ಕೋಳಿ, 75 ಕಿಲೋದ ಒಂದು ಚೀಲ ನೆಲ್ಲು, ಸ್ತ್ರೀಯರ ಕೂಟದವರು ಮಾಡಿ ತಂದ ಶೇಂಗಾ ಹೋಳಿಗೆ ಇವೆಲ್ಲ ಸವಾಲಿನಲ್ಲಿ ನಾಲ್ಕು ಪಟ್ಟು ಬೆಲೆಗೆ ಹೋಗುತ್ತವೆ. ಒಬ್ಬರು ಕೊಂಡು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಸವಾಲು ನಡೆಯುತ್ತದೆ. ಅಂದಿನ ಆದಾಯ ಇಂಥ ಕೋಣೆಯ ಕಿಟಕಿಗಳಿಗೆ ಎಂದು ಮೊದಲೇ ಹೇಳಿ, ಸವಾಲು ಕೂಗುವವರ ಪಕ್ಕದಲ್ಲೇ ಒಬ್ಬರು ಹೆಸರು, ಮೊತ್ತ ಬರೆಯುತ್ತ ಕೂರಲಿ. ಮುಂದಿನ ಭಾನುವಾರ ಒಟ್ಟು ಮೊತ್ತ ಪ್ರಕಟಿಸಿ. ಬಾಕಿ ಉಳಿಸಿಕೊಂಡವರ ಹೆಸರನ್ನು ಮಾತ್ರ ಸಭೆಯಲ್ಲಿ ಓದಬೇಡಿ, ಮನೆಗೆ ಹೋಗಿ ಕೇಳಿ.

ವಾಗ್ದಾನ ಚೀಟಿ ಕೊಡುವುದಿದ್ದರೆ ತಿಂಗಳಿಗಲ್ಲ, ಬೆಳೆಗೆ ಹೊಂದಿಸಿ. ಚೀಟಿಯ ಮೊತ್ತ ನಂಬಿ ಕಬ್ಬಿಣಕ್ಕೆ ಆರ್ಡರ್ ಕೊಡಬೇಡಿ, ಬ್ಯಾಂಕಿಗೆ ಬಂದದ್ದು ಮಾತ್ರ ದುಡ್ಡು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕಾಲುವೆಯ ಕೆಳಗಿನ ಪ್ರತಿ ಮನೆಯೂ ಆ ವರ್ಷದ ಬೆಳೆಯ ಬಗ್ಗೆ ಕಂಗಾಲಾಗಿತ್ತು. ಅಂಥ ವರ್ಷ ಬಂದರೆ ವಾಗ್ದಾನವನ್ನು ಮುಂದಿನ ಸುಗ್ಗಿಗೆ ದೂಡಿ ಎಂದು ನೀವೇ ಹೇಳಿ.

ಪೋಷಕರ ವಿಷಯದಲ್ಲಿ ಒಂದು ಗೆರೆ ಇದೆ, ಅದನ್ನು ದಾಟಬೇಡಿ. ಅಡ್ಮಿಷನ್ ಮಾಡುವ ಮೇಜಿನ ಮೇಲೆ ಕಟ್ಟಡ ನಿಧಿಯ ರಸೀದಿ ಪುಸ್ತಕ ಇರಬಾರದು. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು (ಸೀಟು ಕೊಡಲು ಫೀಸಿನ ಮೇಲೆ ಪಡೆಯುವ ಹಣವನ್ನು) ನಿಷೇಧಿಸುವ ಕಾಯ್ದೆ 1984ರಿಂದಲೇ ಇದೆ. ಸೀಟಿಗೆ ಕಟ್ಟಿಹಾಕಿದ ದಾನ ದಾನವೇ ಅಲ್ಲ, ಅದಕ್ಕೆ 80ಜಿ ರಸೀದಿಯನ್ನೂ ಕೊಡಲು ಬರುವುದಿಲ್ಲ. ಕಾನೂನು ಹಾಗಿರಲಿ, ಫೀಸಿನ ಜೊತೆ ಐದು ಸಾವಿರ ಸೇರಿಸಿ ಕೇಳಿದಾಗ ಕೂಲಿಯವರ ಮಗು ಬೇರೆ ಶಾಲೆಗೆ ಹೋಗುತ್ತದೆ, ಮತ್ತು ಆ ಮಗುವಿಗಾಗಿಯೇ ಅಲ್ಲವೇ ನಾವು ಕೋಣೆ ಕಟ್ಟಲು ಹೊರಟದ್ದು? ಪೋಷಕರನ್ನು ಬೇರೆ ದಿನ ಕರೆಯಿರಿ, ಈಗಿನ ಕೋಣೆಯಲ್ಲಿ ಮಕ್ಕಳು ಕೂರುವ ಜಾಗದಲ್ಲೇ ಕೂರಿಸಿ, ನಕ್ಷೆ ತೋರಿಸಿ, ಇಷ್ಟ ಇದ್ದವರು ಆಮೇಲೆ ಬನ್ನಿ ಎನ್ನಿ. ದುಡ್ಡು ಇಲ್ಲದವರು ಕೆಲಸ ಕೊಡುತ್ತಾರೆ. ಗೌಂಡಿ, ಬಡಿಗ, ಪ್ಲಂಬರ್, ಪೇಂಟರ್ ನಮ್ಮ ಪೋಷಕರಲ್ಲೇ ಇರುತ್ತಾರೆ. ಅವರ ಒಂದು ದಿನದ ಕೂಲಿಯನ್ನೂ ರಿಜಿಸ್ಟರಿನಲ್ಲಿ ಹೆಸರು ಹಿಡಿದು ಬರೆಯಿರಿ.

ಪೋಷಕರಲ್ಲಿ ಹಿಂದೂಗಳು, ಮುಸ್ಲಿಮರು ಬಹಳ ಜನ. ಅವರಿಗೆ ನೇರವಾಗಿ ಹೇಳಿ: ಈ ದುಡ್ಡು ತರಗತಿಗೆ, ಚರ್ಚಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಹೇಳಿದಂತೆ ನಡೆಯಿರಿ. ಪ್ರಾರ್ಥನಾ ಮಂದಿರ ಕಟ್ಟುವುದಿದ್ದರೆ ಅದಕ್ಕೆ ಬೇರೆ ನಿಧಿ, ಬೇರೆ ಖಾತೆ.

ಹಳೆಯ ವಿದ್ಯಾರ್ಥಿಗಳಿಗೆ ವಾಟ್ಸ್ಯಾಪಿನಲ್ಲಿ ಹೋಗುವ ಪತ್ರ ಚಿಕ್ಕದಿರಲಿ. ಹೀಗೆ ಬರೆಯಬಹುದು:

"ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ನೀವು ಓದಿದ ಮೂರನೇ ತರಗತಿಯ ಕೋಣೆಯಲ್ಲಿ ಈಗ ಎರಡು ತರಗತಿ ಕೂರುತ್ತಿವೆ. ಪಕ್ಕದಲ್ಲಿ ಒಂದು ಹೊಸ ಕೋಣೆ ಕಟ್ಟಲು ಹೊರಟಿದ್ದೇವೆ. ಒಟ್ಟು ಖರ್ಚು ₹16 ಲಕ್ಷ. ಸಭೆ ಮತ್ತು ಪೋಷಕರಿಂದ ಇಲ್ಲಿಯವರೆಗೆ ₹6 ಲಕ್ಷ ಬಂದಿದೆ. ಒಂದು ಬೆಂಚಿಗೆ ₹5,000 ಆಗುತ್ತದೆ. ನಿಮ್ಮ ಬ್ಯಾಚಿನಿಂದ ನಾಲ್ಕು ಬೆಂಚು ಕೊಡಿಸಬಲ್ಲಿರಾ? ಖಾತೆಯ ವಿವರ ಕೆಳಗಿದೆ. ಈ ತಿಂಗಳ ಕೊನೆಯ ಶನಿವಾರ ಶಾಲೆಗೆ ಬನ್ನಿ, ಕೆಲಸ ನೋಡಿ."

ಒಂದು ಕೊರತೆ, ಒಂದು ಮೊತ್ತ, ಒಂದು ಕೋರಿಕೆ, ಅಷ್ಟೇ. ಶಾಲೆಯ ಇತಿಹಾಸ, ವಚನಗಳು, ಎಲ್ಲ ಪದಾಧಿಕಾರಿಗಳ ಹೆಸರು ತುಂಬಿದ ನಾಲ್ಕು ಪುಟದ ಮನವಿಯನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ. ಪ್ರತಿ ಬ್ಯಾಚಿನಲ್ಲಿ ಒಬ್ಬರನ್ನು ಹಿಡಿಯಿರಿ, ಪತ್ರ ಅವರ ಕೈಯಿಂದಲೇ ಹೋಗಲಿ.

ದೊಡ್ಡ ಮೊತ್ತ ಕೇಳುವುದು ಎದುರು ಕೂತೇ ಆಗಬೇಕು, ಇಬ್ಬರು ಹೋಗಬೇಕು. ರೈಸ್ ಮಿಲ್ಲಿನ ಸಾಹುಕಾರರ ಹತ್ತಿರ ಹೆಡ್ ಮಾಸ್ಟರ್ ಮಾತಾಡುವ ರೀತಿ ಸುಮಾರಾಗಿ ಹೀಗಿದ್ದರೆ ಸಾಕು:

"ನಮಸ್ಕಾರ್ರೀ ಸಾವ್ಕಾರ್ರ. ನಿಮ್ಮ ಮೊಮ್ಮಗಳು ನಮ್ಮ ಸಾಲ್ಯಾಗ ಎರಡನೇ ಕ್ಲಾಸ್ ಓದಾಕತ್ತಾಳ."

"ಹೌದ್ರೀ ಸರ. ಹೆಂಗ ಓದ್ತಾಳ?"

"ಛಲೋ ಓದ್ತಾಳ್ರೀ. ಆದ್ರ ಆಕಿ ಕ್ಲಾಸು, ಮೂರನೇ ಕ್ಲಾಸು ಎರಡೂ ಒಂದ ಖೋಲ್ಯಾಗ ಕುಂದ್ರತಾವು. ಇನ್ನೊಂದು ಖೋಲಿ ಕಟ್ಟಬೇಕಂತ ಮಾಡೀವಿ. ಬಾಗಿಲ ಕಿಟಕಿಗೆ ಒಂದು ಲಕ್ಷ ಬರ್ತೈತ್ರೀ. ಅದನ್ನ ತಾವು ಹೊತ್ಕೊಂಡ್ರ ಈ ಬ್ಯಾಸಿಗ್ಯಾಗ ಕೆಲಸ ಮುಗೀತೈತಿ."

ಇಷ್ಟು ಹೇಳಿ ಸುಮ್ಮನಾಗಿ. ಸುಮ್ಮನಿರಲಾಗದೆ "ಐವತ್ತಾದ್ರೂ ನಡೀತೈತ್ರೀ, ಇಪ್ಪತ್ತೈದಾದ್ರೂ ಅಡ್ಡಿಯಿಲ್ಲ" ಎಂದು ತಾವೇ ಇಳಿಸಿಬಿಡುವವರು ಬಹಳ. ಅವರು ಯೋಚಿಸಲಿ. "ಐವತ್ತು ಕೊಡ್ತೀನ್ರೀ" ಎಂದರೆ ಮನಸಾರೆ ಒಪ್ಪಿಕೊಂಡು "ಯಾವತ್ತು ಬರ್ಲಿರೀ?" ಎಂದು ದಿನ ಕೇಳಿಕೊಂಡೇ ಏಳಿ. ಇಲ್ಲ ಎಂದರೂ ಕೋಣೆಯ ಉದ್ಘಾಟನೆಗೆ ಕರೆಯಿರಿ. ಎರಡನೇ ಕೋಣೆಗೆ ಅವರೇ ಕೊಡಬಹುದು.

ಕಂಪನಿಗಳು ಮತ್ತು ವಿದೇಶದ ನೆರವು

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಕೆಲಸಕ್ಕೆ ಖರ್ಚು ಮಾಡಬೇಕು, ತಾವು ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ನಮ್ಮ ಭಾಗದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ದೋಣಿಮಲೈ ಗಣಿ, ಕೊಪ್ಪಳದ ಗಿಣಿಗೇರಾ, ಬೇವಿನಹಳ್ಳಿಯ ಕಬ್ಬಿಣದ ಕಾರ್ಖಾನೆಗಳು, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇವೆ. ನಿಮ್ಮ ಶಾಲೆ ಯಾವುದರ ಸುತ್ತಲಿನ ಹಳ್ಳಿಗಳಲ್ಲಿ ಬರುತ್ತದೆ ನೋಡಿ ಅಲ್ಲಿಗೇ ಹೋಗಿ. ಸಂಸ್ಥೆಗೆ ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ ಮತ್ತು ಸಿಎಸ್‌ಆರ್-1 ಎಂಬ ಸರ್ಕಾರಿ ಫಾರಂನ ನೋಂದಣಿ ಇರಬೇಕು. ಕಂಪನಿಯ ವರ್ಷ ಏಪ್ರಿಲಿನಲ್ಲಿ ಶುರುವಾಗುವುದರಿಂದ ಮುಂದಿನ ವರ್ಷದ ಯೋಜನೆಗೆ ಸೇರಬೇಕೆಂದರೆ ದೀಪಾವಳಿ ಮುಗಿದ ಕೂಡಲೇ ಅರ್ಜಿ ಕೊಡಿ. ಇಡೀ ಕೋಣೆ ಕೇಳುವ ಬದಲು ಶೌಚಾಲಯ, ವಿಜ್ಞಾನ ಪ್ರಯೋಗಾಲಯ, ಸೋಲಾರ್, ಕುಡಿಯುವ ನೀರಿನ ಘಟಕ ಇಂಥ ಒಂದು ಬಿಡಿ ಕೆಲಸಕ್ಕೆ ಕೇಳಿ. ಮುಗಿದ ಮೊದಲ ಕೋಣೆಯ ಫೋಟೊ, ಆಡಿಟ್ ಆದ ಲೆಕ್ಕ ಜೊತೆಗಿದ್ದರೆ ನಿಮ್ಮ ಅರ್ಜಿ ಬೇರೆ ಅರ್ಜಿಗಳಿಗಿಂತ ಮೇಲೆ ಕೂರುತ್ತದೆ.

ವಿದೇಶದ ನೆರವಿನ ಬಗ್ಗೆ ಕ್ರೈಸ್ತ ಸಂಸ್ಥೆಗಳು ಬಹಳ ಎಚ್ಚರ ವಹಿಸಬೇಕು. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಇಲ್ಲವೇ ಪೂರ್ವಾನುಮತಿ ಇಲ್ಲದೆ ವಿದೇಶಿ ಮೂಲದಿಂದ ಒಂದು ಡಾಲರ್ ಕೂಡ ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ ತರಿಸಿ ನಿಮಗೆ ವರ್ಗಾಯಿಸಿಕೊಳ್ಳುವುದೂ ನಿಷಿದ್ಧ. "ನಮ್ಮ ಪರಿಚಯದವರ ಸಂಸ್ಥೆಯ ಮೂಲಕ ತರಿಸೋಣ" ಎಂದು ಯಾರಾದರೂ ಹೇಳಿದರೆ ಕೈಮುಗಿದು ಬೇಡ ಎನ್ನಿ. ಭಾರತದ ಪಾಸ್‌ಪೋರ್ಟೇ ಇರುವ ಹಳೆಯ ವಿದ್ಯಾರ್ಥಿ ದುಬೈಯಿಂದ ತನ್ನ ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ, ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದವರು ನಮ್ಮ ಊರಿನವರೇ ಆಗಿದ್ದರೂ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ಮೂಲ.

ಶಾಸಕರ, ಸಂಸದರ ನಿಧಿಗೆ ಅರ್ಜಿ ಕೊಡಬಹುದು, ಮಂಜೂರಾದರೆ ಕೆಲಸ ಜಿಲ್ಲಾಡಳಿತದ ಮೂಲಕ ನಡೆಯುತ್ತದೆ. ಆದರೆ ಅದನ್ನು ನಂಬಿ ಬುನಾದಿ ತೋಡಬೇಡಿ.

ಲೆಕ್ಕ ತೋರಿಸುವುದು, ಕೆಲಸ ಮುಗಿಸುವುದು

ಶಾಲೆಯ ಗೇಟಿನ ಒಳಗೆ, ಮಕ್ಕಳನ್ನು ಬಿಡಲು ಬರುವವರ ಕಣ್ಣಿಗೆ ಬೀಳುವ ಕಡೆ ಒಂದು ಬೋರ್ಡು ಇಡಿ. ಬಂದದ್ದು, ಖರ್ಚಾದದ್ದು, ಉಳಿದದ್ದು, ಮುಂದೆ ಬೇಕಾದದ್ದು, ನಾಲ್ಕೇ ಸಾಲು. ಪ್ರತಿ ಸೋಮವಾರ ಬದಲಿಸಿ. ಏಳನೇ ತರಗತಿಯ ಮಕ್ಕಳೇ ಕೂಡಿಸಿ ಕಳೆದು ಬರೆದರೆ ಇನ್ನೂ ಒಳ್ಳೆಯದು, ಮನೆಗೆ ಹೋಗಿ ಅವರೇ ಹೇಳುತ್ತಾರೆ. ಸಿಮೆಂಟಿನ ಬಿಲ್ಲು, ಕೂಲಿಯ ಮಸ್ಟರ್ ಯಾರು ಕೇಳಿದರೂ ತೋರಿಸುವಂತೆ ಆಫೀಸಿನಲ್ಲಿ ಒಂದು ಫೈಲು ಇರಲಿ. ಸಿಮೆಂಟ್ ಚೀಲ ಬಂದದ್ದು, ಬಳಸಿದ್ದು ಬರೆಯುವ ಪುಸ್ತಕ ವಾಚ್‌ಮನ್ ಹತ್ತಿರ ಅಲ್ಲ, ಕಮಿಟಿಯ ಒಬ್ಬರ ಹತ್ತಿರ ಇರಲಿ.

ಹೆಸರಿನ ಕಲ್ಲಿನ ವಿಷಯಕ್ಕೆ ಜಗಳಗಳು ಏಳುತ್ತವೆ. ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎಲ್ಲ ದಾನಿಗಳ ಹೆಸರು ಒಂದೇ ಗೋಡೆಯ ಮೇಲೆ, ಒಂದೇ ಅಳತೆಯ ಅಕ್ಷರದಲ್ಲಿ, ಬಂದ ಕ್ರಮದಲ್ಲಿ ಇರಲಿ, ಮೊತ್ತ ಬೇಡ. ಕಂಪನಿ ಕೊಟ್ಟಿದ್ದರೆ ಅವರ ನಿಯಮದಂತೆ ಆ ಕೆಲಸದ ಹತ್ತಿರ ಅವರ ಬೋರ್ಡು ಹಾಕಿ. ಹತ್ತಿ ಬಿಡಿಸಿ ಬಂದ ಕೂಲಿಯಲ್ಲಿ ಇನ್ನೂರು ಕೊಟ್ಟ ತಾಯಿ ತನ್ನ ಹೆಸರನ್ನು ಮೊಮ್ಮಗನಿಂದ ಓದಿಸಿಕೊಳ್ಳುವಂತಿರಬೇಕು.

ಗುತ್ತಿಗೆದಾರರಿಗೆ ಅಡ್ವಾನ್ಸ್ ದೊಡ್ಡದಾಗಿ ಕೊಡಬೇಡಿ. ಬುನಾದಿ, ಲಿಂಟಲ್, ಸ್ಲ್ಯಾಬ್, ಗಿಲಾವು, ನೆಲ ಎಂದು ಹಂತ ಮಾಡಿ, ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ ಚೆಕ್ಕಿನಲ್ಲಿ ಕೊಡಿ. ಸ್ಲ್ಯಾಬ್ ಹಾಕುವ ದಿನ ದಾನಿಗಳನ್ನು ಕರೆಯಿರಿ, ಚಹಾ ಉಪ್ಪಿಟ್ಟು ಸಾಕು. ಕಾಂಕ್ರೀಟ್ ಬೀಳುವುದನ್ನು ಕಣ್ಣಾರೆ ನೋಡಿದವರಿಗೆ ಮುಂದಿನ ಸಲ ಹೆಚ್ಚು ಹೇಳಬೇಕಾಗುವುದಿಲ್ಲ. ನಮ್ಮ ಬಿಸಿಲಿಗೆ ಕ್ಯೂರಿಂಗ್ (ಕಾಂಕ್ರೀಟ್ ಒಣಗದಂತೆ ನೀರುಣಿಸುವುದು) ಬಹಳ ಮುಖ್ಯ, ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಕೆಲಸವನ್ನು ಯೌವನಸ್ಥರ ಕೂಟಕ್ಕೆ ಪಾಳಿಯಲ್ಲಿ ಹಂಚಿ.

ಕೋಣೆ ತೆರೆದ ಹದಿನೈದು ದಿನದೊಳಗೆ ಪ್ರತಿ ದಾನಿಗೂ ಒಂದು ಪುಟದ ಲೆಕ್ಕ, ಮಕ್ಕಳು ಕೂತ ಒಂದು ಫೋಟೊ ಕಳಿಸಿ. ಆ ಪತ್ರದಲ್ಲಿ ಮತ್ತೆ ದುಡ್ಡು ಕೇಳಬೇಡಿ. ಎರಡನೇ ಕೋಣೆಯ ಮಾತು ಮುಂದಿನ ಸುಗ್ಗಿಯವರೆಗೆ ಕಾಯಲಿ. ಅಷ್ಟರಲ್ಲಿ ಮೊದಲ ಕೋಣೆಯ ಆಡಿಟ್ ಮುಗಿಸಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ 5ರಷ್ಟನ್ನು ಕರಾರಿನಲ್ಲೇ ಬರೆಸಿ ಹಿಡಿದಿಡಿ, ಒಂದು ಮಳೆಗಾಲ, ಒಂದು ಬೇಸಿಗೆ ದಾಟಿ, ಕಿಟಕಿಯ ಮೂಲೆಗಳಲ್ಲಿ ಬಿರುಕು ಇಲ್ಲವೆಂದು ಎಂಜಿನಿಯರ್ ಬರೆದುಕೊಟ್ಟ ಮೇಲೆ ಅದನ್ನು ಬಿಡುಗಡೆ ಮಾಡಿ.